ಕಿರುಬೆರಳಿನ ಸದ್ದಿಗೆಂದು ತಂದ ಮೂರು ಡ್ಯಾಕ್‌ಗಳು

ಭಾನುವಾರ ಬೆಳಗ್ಗೆ ನನಗೆ ಏಳು ಗಂಟೆಯಾದರೆ ಅಕ್ಕನಿಗೆ ಎಂಟು. ನಾನಿರುವುದು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ, ಒಬ್ಬಳೇ. ಅವಳಿರುವುದು ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ, ಮಗಳು ಅಳಿಯನ ಜೊತೆ. ನಡುವಿನ ಆ ಒಂದು ಗಂಟೆಯ ವ್ಯತ್ಯಾಸಕ್ಕೆ ನಾವು ಎಷ್ಟು ಸಲ ಕಿತ್ತಾಡಿದ್ದೇವೋ ದೇವರಿಗೇ ಗೊತ್ತು. "ನಿನ್ನ ಏಳೋ, ನನ್ನ ಏಳೋ, ಸರಿಯಾಗಿ ಬೊಗಳೇ" ಎಂದು ಅವಳು. "ನಾನು ಏಳು ಅಂದ್ರೆ ನನ್ನ ಏಳು, ನಿನ್ನದು ನೀನು ಲೆಕ್ಕ ಹಾಕ್ಕೋ" ಎಂದು ನಾನು.

ಆ ಹೊತ್ತಿಗೆ ನಾವಿಬ್ಬರೂ ವೀಣೆ ಕೇಳುತ್ತೇವೆ. ಮೈಸೂರಿನಲ್ಲಿ ನಮಗೆ ಪಾಠ ಹೇಳಿದ ಟೀಚರ್ ಶುಕ್ರವಾರ ಸಂಜೆ ತಮ್ಮ ಪಾಡಿಗೆ ತಾವು ನುಡಿಸಿಕೊಳ್ಳುತ್ತಿದ್ದರು. ಅಕ್ಕ ಅದನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಳ್ಳುತ್ತಿದ್ದಳು. ಟೀಚರ್ ಈಗಿಲ್ಲ. ಕ್ಯಾಸೆಟ್ಟುಗಳನ್ನು ಅಕ್ಕನ ಅಳಿಯ ಕಂಪ್ಯೂಟರಿಗೆ ಏರಿಸಿ ನಮ್ಮಿಬ್ಬರಿಗೂ ಒಂದೊಂದು ಪ್ರತಿ ಕೊಟ್ಟಿದ್ದಾನೆ. ಪ್ಲಿಮತ್‌ನ ಕಾರು ಬಿಡಿಭಾಗದ ಆಫೀಸಿನಲ್ಲಿ ಕೆಲಸ ಅವನಿಗೆ, ಇಂಥದ್ದರಲ್ಲಿ ಕೈ ಪಳಗಿದೆ. ಭಾನುವಾರ ಫೋನನ್ನು ಸ್ಪೀಕರಿಗೆ ಹಾಕಿ ಎದುರಿಗಿಟ್ಟುಕೊಂಡು, ಕಿವಿಗೆ ಲ್ಯಾಪ್‌ಟಾಪಿನ ಹೆಡ್‌ಫೋನು ಸಿಕ್ಕಿಸಿ, ಇಬ್ಬರೂ ತೊಡೆ ತಟ್ಟಿ ಆದಿತಾಳದ ಒಂದು ಆವರ್ತ ಹಾಕುತ್ತೇವೆ. ಎಂಟನೇ ಎಣಿಕೆ ಮುಗಿದದ್ದೇ ತಡ ಇಬ್ಬರೂ ತಂತಮ್ಮ ಲ್ಯಾಪ್‌ಟಾಪಿನಲ್ಲಿ ಪ್ಲೇ ಒತ್ತುತ್ತೇವೆ. ಹೀಗೆ ಒತ್ತಿದರೆ ಮುನ್ನೂರು ಮೈಲಿ ಆಚೆ ಇರುವ ಅವಳಿಗೂ ನನಗೂ ಒಂದೇ ಸ್ವರ ಒಂದೇ ಹೊತ್ತಿಗೆ ಕೇಳುತ್ತದೆ. ಇದನ್ನು ಅಳಿಯನಿಗೆ ಹೇಳಿದಾಗ, ಈ ಕಾಲದಲ್ಲಿ ಅದಕ್ಕೂ ಒಂದು ಆ್ಯಪ್ ಇದೆ ಆಂಟಿ ಎಂದ. ಇರಲಿ ಬಿಡಪ್ಪ, ನಮಗೆ ತೊಡೆ ಇದೆ ಎಂದೆ.

ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ಅದಕ್ಕಾಗಿ ಅತ್ತವಳೂ ಅಲ್ಲ. ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ, ರೈಲು ಹಳಿಯ ಹತ್ತಿರ ಎರಡು ಕೋಣೆಯ ಮನೆ. ಹಿಂದೆಲ್ಲ ಇಲ್ಲಿನ ಕನ್ನಡದವರು ಮನೆಗೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್‌ಗಳಿಗೆ ಹೋಗುತ್ತಿದ್ದೆ, ಎರಡು ವರ್ಷದಿಂದ ಬಿಟ್ಟಿದ್ದೇನೆ. ಹಾಲ್ ತುಂಬ ಜನ, ಎಲ್ಲರೂ ಬಾಯೊಳಗೇ ಗೊಣಗುತ್ತಾರೆ, ಹೂಂ ಹೂಂ ಎನ್ನುತ್ತ ಎಷ್ಟು ಹೊತ್ತು ನಗುತ್ತ ನಿಲ್ಲುವುದು? ಹಾಗಾಗಿ ವಾರದ ಆರು ದಿನ ನನ್ನ ಬಾಯಿಂದ ಕನ್ನಡ ಬರುವುದು ಕುಕ್ಕರ್ ಕೂಗದೆ ಸತಾಯಿಸಿದಾಗ ಮಾತ್ರ. ಭಾನುವಾರದ ಆ ಒಂದು ಗಂಟೆ ಇಲ್ಲದೆ ಹೋದರೆ ನಾನು ಯಾರ ತಂಗಿ, ಯಾವ ಊರಿನವಳು ಎನ್ನುವುದೇ ಮರೆತುಹೋದೀತು ಎಂಬ ಹೆದರಿಕೆ ನನಗಿತ್ತು. ಈಗಲೂ ಇದೆ.

ಅಂಥ ಗಂಟೆಯನ್ನು ನಾನೇ ಕೈಯಾರೆ ಕೆಡಿಸಿಕೊಂಡೆ.

ಅಕ್ಕ ಮೊದಲೆಲ್ಲ ಸುಮ್ಮನೆ ಕೇಳುವವಳು. ಆಹಾ ಎನ್ನುವ ಜಾಗದಲ್ಲಿ ಆಹಾ ಎಂದರೆ ಹೆಚ್ಚು. ಹೋದ ವರ್ಷದಿಂದ ಏನಾಯಿತೋ, ಬಾಯಿಗೆ ಬಿಡುವೇ ಇಲ್ಲ. "ಈಗ ನೋಡು, ಗಾಂಧಾರ ಎಳೀತಾರೆ." "ಇಲ್ಲಿ ಕಿರುಬೆರಳು… ಹಾಂ, ಈಗ!" "ಇನ್ನೊಂದ್ಸಲ ಕಿರುಬೆರಳು, ಮೆತ್ತಗೆ." ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು. ಪಕ್ಕದಲ್ಲಿ ಇನ್ನೂ ಮೂರು ಇರುತ್ತವೆ, ಅವು ತಾಳದ ತಂತಿಗಳು. ಬಲಗೈಯ ಕಿರುಬೆರಳಿನಿಂದ ಮೇಲಕ್ಕೆ ಸವರಿದರೆ ಝಣ್ ಎನ್ನುತ್ತವೆ. ಟೀಚರ್ ಅದನ್ನು ಎಷ್ಟು ನಯವಾಗಿ ಸವರುತ್ತಿದ್ದರೆಂದರೆ ಪಕ್ಕದಲ್ಲಿ ಕೂತವರಿಗಷ್ಟೇ ಕೇಳಬೇಕು. ಅದು ಎಲ್ಲೆಲ್ಲಿ ಬರುತ್ತದೆ ಎಂದು ನನಗೇನು ಗೊತ್ತಿಲ್ಲವೇ? ನನಗೂ ಅವರೇ ಪಾಠ ಹೇಳಿದ್ದಲ್ಲವೇ?

ಸೆಪ್ಟೆಂಬರಿನ ಒಂದು ಭಾನುವಾರ ತಡೆಯಲಾಗಲಿಲ್ಲ. "ಅಕ್ಕ, ಇದೇನು ಕ್ರಿಕೆಟ್ ಕಾಮೆಂಟರಿನಾ? ಬಾಯ್ಮುಚ್ಕೊಂಡು ಕೇಳೋಕಾಗಲ್ವಾ ನಿಂಗೆ? ಟೀಚರ್ ನುಡಿಸ್ತಿರೋದು ಕೇಳ್ಬೇಕೋ, ನಿನ್ನ ವಟವಟ ಕೇಳ್ಬೇಕೋ?" ಎಂದುಬಿಟ್ಟೆ.

ಅತ್ತ ಕಡೆಯಿಂದ "ಸರಿ ಕಣೇ" ಎಂದಳು. ಅಷ್ಟೇ. ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಮುಂದಿನ ವಾರದಿಂದ ಆವರ್ತ ಹಾಕುವುದು, ಪ್ಲೇ ಒತ್ತುವುದು, ಕೊನೆಯಲ್ಲಿ "ಚೆನ್ನಾಗಿತ್ತು, ಇಡ್ತೀನಿ" ಎನ್ನುವುದು, ಇಷ್ಟೇ ಅವಳ ಮಾತು.

ನನಗೆ ಬೇಕಾಗಿದ್ದ ನಿಶ್ಶಬ್ದವೇನೋ ಸಿಕ್ಕಿತು. ಆದರೆ ಅದೇ ಹೊತ್ತಿಗೆ ಸಂಗೀತ ಸಪ್ಪೆಯಾಗತೊಡಗಿತು. ವೀಣೆಯ ಮೇಲೆ ಯಾರೋ ಹಳೇ ಕಂಬಳಿ ಹೊದಿಸಿದ ಹಾಗೆ. ತಾಳದ ತಂತಿಗಳಂತೂ ಮಾಯವೇ ಆದವು. ಎಷ್ಟು ವರ್ಷದಿಂದ ಕೇಳುತ್ತಿರುವ ಕ್ಯಾಸೆಟ್ಟು, ಇದ್ದಕ್ಕಿದ್ದಂತೆ ಮೂರು ತಂತಿ ಎಲ್ಲಿಗೆ ಹೋಗುತ್ತವೆ? ನನ್ನ ಅನುಮಾನ ಸಹಜವಾಗಿ ಹೆಡ್‌ಫೋನಿನ ಮೇಲೆ ಹೋಯಿತು.

ಹೆಡ್‌ಫೋನು ತೀರ ಅಗ್ಗದ್ದಲ್ಲ, ಹುಚ್ಚು ಬೆಲೆಯದ್ದೂ ಅಲ್ಲ, ಮಧ್ಯಮ ದರ್ಜೆಯದು. ಹಿಂಬದಿ ಜಾಲರಿಯಂತೆ ತೆರೆದಿರುವ ಜಾತಿ. ಹೊರಗಿನ ಸದ್ದೂ ಒಳಗೆ ಬರಲಿ, ಸ್ಪೀಕರಿನಲ್ಲಿ ಅಕ್ಕನ ದನಿಯೂ ಕೇಳಲಿ ಎಂದೇ ಅದನ್ನು ಆರಿಸಿದ್ದೆ. ಇಂಟರ್ನೆಟ್ಟಿನಲ್ಲಿ ಹೆಡ್‌ಫೋನಿನ ಹುಚ್ಚಿರುವವರೆಲ್ಲ ಸೇರಿ ಹರಟುವ ಜಾಗಗಳಿವೆ. ಅಲ್ಲಿ ನನ್ನ ಕಷ್ಟ ಬರೆದುಕೊಂಡೆ. ಐದೇ ನಿಮಿಷದಲ್ಲಿ ಹತ್ತು ಜನ ಡಾಕ್ಟರು ಹಾಜರ್. ನಿಮ್ಮ ಹೆಡ್‌ಫೋನಿಗೆ ಲ್ಯಾಪ್‌ಟಾಪಿನ ಕಸುವು ಸಾಲದು ಎಂದು ಒಬ್ಬ. ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿ ಮಾರ್ಪಡಿಸುವ ಡ್ಯಾಕ್ ಒಳ್ಳೆಯದಿರಬೇಕು ಎಂದು ಇನ್ನೊಬ್ಬ. ಡ್ಯಾಕ್ ಯಾವುದಾದರೇನು, ಆ ಸದ್ದಿಗೆ ಬಲ ತುಂಬುವ ಆ್ಯಂಪ್ ಮುಖ್ಯ ಎಂದು ಮತ್ತೊಬ್ಬ. ನಿಮಗೆ ಎಷ್ಟು ವಯಸ್ಸು ಎಂದೂ ಒಬ್ಬ ಕೇಳಿದ್ದ. ಅಧಿಕಪ್ರಸಂಗಿ ಎಂದುಕೊಂಡು ಅವನಿಗೆ ಮಾತ್ರ ಉತ್ತರ ಕೊಡಲಿಲ್ಲ.

ಮೊದಲು ತರಿಸಿದ್ದು ಹೆಬ್ಬೆರಳಿನಷ್ಟು ಉದ್ದದ ಡಾಂಗಲ್ಲು, ಡ್ಯಾಕೂ ಆ್ಯಂಪೂ ಅದರೊಳಗೇ. ಹಚ್ಚಿದೆ. ಸದ್ದು ಜೋರಾಯಿತು, ತಂತಿ ಬರಲಿಲ್ಲ. ಎರಡನೆಯದು ಬೆಂಕಿಪೊಟ್ಟಣದಷ್ಟು, ಸದ್ದು ಏರಿಸಲು ಇಳಿಸಲು ತನ್ನದೇ ಗುಂಡಿಗಳು. ದನಿ ಸ್ವಲ್ಪ ಚೊಕ್ಕವಾಗಿದೆ ಎನಿಸಿತು, ಅಥವಾ ಅನಿಸಬೇಕೆಂದು ನಾನೇ ಅಂದುಕೊಂಡೆ. ಮೂರನೆಯದು ಇಸ್ಪೀಟು ಕಟ್ಟಿನಷ್ಟು ದಪ್ಪ, ಒಳಗೆ ಬ್ಯಾಟರಿ, ಪಕ್ಕದಲ್ಲಿ ತಿರುಗಿಸುವ ಚಕ್ರ, ಹೆಚ್ಚು ಕಸುವು ಬೇಕಾದವರಿಗೆಂದು ಬೇರೆ ಒಂದು ಸ್ವಿಚ್ಚು. ಆ ಸ್ವಿಚ್ಚನ್ನು ಹಾಕಿದ ಮೇಲೆ ನಾನು ತೆಗೆಯಲೇ ಇಲ್ಲ.

ಕೆಲಸದಿಂದ ಬಂದು ಊಟ ಮುಗಿಸಿ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದೆ. ನನ್ನದು ಫಾರ್ಮಸಿಯ ಬುದ್ಧಿ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಒಂದೊಂದು ಡಬ್ಬಿಗೆ ಒಂದೊಂದು ಕಾಲಮ್ಮು. ಕ್ಯಾಸೆಟ್ಟಿನ ನಾಲ್ಕು ನಿಮಿಷದ ಒಂದೇ ತುಂಡನ್ನು ಸರದಿಯ ಮೇಲೆ ಕೇಳಿ ಬರೆಯುವುದು: ಮಂದ್ರ ಚೆನ್ನ, ಗಮಕ ಚೆನ್ನ, ತಾಳದ ತಂತಿ ಇಲ್ಲ. ತಾಳದ ತಂತಿ ಇಲ್ಲ. ತಾಳದ ತಂತಿ ಇದೆಯೇನೋ, ಇಲ್ಲ. ಪುಟಗಟ್ಟಲೆ ಇದೇ. ಮಾತ್ರೆ ಬದಲಾಯಿಸಿ ಎಂದು ಬರುವವರಿಗೆ, ಮೊದಲು ಕಾಯಿಲೆ ಯಾವುದು ನೋಡಿ ಎಂದು ದಿನಕ್ಕೆ ಹತ್ತು ಸಲ ಹೇಳುವ ಹೆಂಗಸು ನಾನು! ನನ್ನ ಮನೆಯ ಮೇಜಿನ ಮೇಲೆ ಮಾತ್ರ ಮಾತ್ರೆ ಬದಲಾಯಿಸುತ್ತ ಕೂತಿದ್ದೆ.

ಆ ದಿನಗಳಷ್ಟು ಒಂಟಿತನ ನನಗೆ ಈ ದೇಶಕ್ಕೆ ಬಂದ ಹೊಸದರಲ್ಲೂ ಆಗಿರಲಿಲ್ಲ. ಆಗ ಯಾರೂ ಇರಲಿಲ್ಲ, ಅದಕ್ಕೆ ಒಂದು ಲೆಕ್ಕವಿತ್ತು. ಈಗ ಅಕ್ಕ ಫೋನಿನ ಆ ತುದಿಯಲ್ಲಿ ಇದ್ದೂ ಇಲ್ಲದಂತೆ ಕೂರುತ್ತಾಳೆ, ಟೀಚರ್ ನುಡಿಸಿದರೂ ಅರ್ಧವೇ ಬರುತ್ತಾರೆ. ಆಚೆ ರೈಲು ಹೋದರೆ ಅದರ ಗಡಗಡ ಹೆಡ್‌ಫೋನಿನೊಳಕ್ಕೂ ಬರುತ್ತಿತ್ತು. ರೈಲು ಕೇಳುತ್ತದೆ, ತಂತಿ ಕೇಳುವುದಿಲ್ಲ ಎಂದರೆ ಏನರ್ಥ ಎಂದು ಒಮ್ಮೆಯೂ ಯೋಚಿಸಲಿಲ್ಲ. ಬದಲಿಗೆ ಅಳಿಯ ನನಗೆ ಕೊಟ್ಟ ಪ್ರತಿಯೇ ಕೆಟ್ಟಿರಬೇಕು, ಒಳ್ಳೆಯದನ್ನು ಅಕ್ಕ ಇಟ್ಟುಕೊಂಡಿದ್ದಾಳೆ ಎಂದು ತೀರ್ಮಾನಿಸಿದೆ. ನಾಚಿಕೆಯಾಗುತ್ತದೆ, ಆದರೆ ಹಾಗೆ ಅಂದುಕೊಂಡದ್ದು ನಿಜ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಟ್ರಾಯ್‌ಗೆ ಡ್ರೈವ್ ಮಾಡಿದೆ. ಪಕ್ಕದ ಸೀಟಿನಲ್ಲಿ ಮೂರು ಡಬ್ಬಿಗಳ ಚೀಲ, ಹೆಡ್‌ಫೋನು, ಒಂದೇ ತೂತಿಗೆ ಇಬ್ಬರು ಚುಚ್ಚಿ ಕೇಳುವಂಥ ಕವಲು ವೈರು. ಮಿಷಿಗನ್ ಗಡಿ ದಾಟಿದ ಮೇಲೆ ಹಿಮ ಸಣ್ಣಗೆ ಬೀಳುತ್ತಿತ್ತು. ದಾರಿಯುದ್ದಕ್ಕೂ ಅಕ್ಕನ ಮುಂದೆ ಹೇಗೆ ಮಾತು ತೆಗೆಯಬೇಕೆಂದು ಅಭ್ಯಾಸ ಮಾಡಿಕೊಂಡು ಹೋದೆ. ಕ್ಷಮಿಸು ಎನ್ನುವ ಮಾತು ಅದರಲ್ಲಿ ಇರಲಿಲ್ಲ.

ಊಟದ ಮೇಜಿನಲ್ಲಿ ಅಕ್ಕನ ಮೊಮ್ಮಗಳು, ಏಳು ವರ್ಷದವಳು, ಇಂಗ್ಲಿಷಿನಲ್ಲಿ ನನ್ನನ್ನು ಏನೋ ಕೇಳಿದಳು. ಏನಮ್ಮ ಎಂದೆ. ಮತ್ತೆ ಕೇಳಿದಳು. ಮತ್ತೆ ಏನಮ್ಮ ಎಂದೆ. "ಈ ದೇಶದಲ್ಲಿ ಮಕ್ಕಳಿಗೆ ಬಾಯ್ಬಿಟ್ಟು ಮಾತಾಡೋದು ಯಾರೂ ಕಲಿಸಲ್ವಾ?" ಎಂದು ಅಕ್ಕನ ಮಗಳ ಮೇಲೆ ರೇಗಿದೆ. ಅಕ್ಕ ನನ್ನ ಎಲೆಗೆ ಇನ್ನೊಂದು ಸೌಟು ಹುಳಿ ಬಡಿಸಿ, "ಉಪ್ಪಿನಕಾಯಿ ಬೇಕಾ ಅಂತ ಕೇಳ್ತಿದಾಳೆ ಕಣೇ" ಎಂದು ಮೆಲ್ಲಗೆ ಹೇಳಿದಳು.

ಮಧ್ಯಾಹ್ನ ಅಕ್ಕನನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಹಳೆಯ ಸೋಫಾ, ಇಸ್ತ್ರಿ ಮೇಜು, ಮೂಲೆಯಲ್ಲಿ ಅವಳ ವೀಣೆಯ ಪೆಟ್ಟಿಗೆ. "ನಿನ್ನ ಲ್ಯಾಪ್‌ಟಾಪು ತೆಗಿ. ನಿನ್ನ ಪ್ರತೀಲಿ ಏನಿದೆ, ನಂದ್ರಲ್ಲಿ ಏನಿಲ್ಲ, ಇವತ್ತು ಗೊತ್ತಾಗ್ಲಿ" ಎಂದೆ. ಪೊಲೀಸು ಧಾಟಿಯಲ್ಲೇ ಹೇಳಿದ್ದಿರಬೇಕು, ಅವಳಿಗೆ ನಗು ಬಂತು. ಅವಳ ಲ್ಯಾಪ್‌ಟಾಪಿಗೆ ಮೂರನೆಯ ಡಬ್ಬಿ, ಡಬ್ಬಿಗೆ ಕವಲು ವೈರು ಸಿಕ್ಕಿಸಿದೆ. ಒಂದು ಕವಲಿಗೆ ನನ್ನ ಹೆಡ್‌ಫೋನು, ಇನ್ನೊಂದಕ್ಕೆ ಅವಳ ಇಯರ್‌ಫೋನು. ಅದು ಯಾವ ಕಾಲದಲ್ಲೋ ಫೋನಿನ ಜೊತೆ ಪುಕ್ಕಟೆ ಬಂದದ್ದು, ವೈರಿಗೆ ಅಲ್ಲಲ್ಲಿ ಟೇಪು ಸುತ್ತಿದ್ದಳು.

ಪ್ಲೇ ಒತ್ತಿದೆ. ಅಕ್ಕ "ಅಯ್ಯಯ್ಯೋ!" ಎಂದು ಇಯರ್‌ಫೋನು ಕಿತ್ತೆಸೆದಳು. "ಕಿವಿ ಹರಿದುಹೋಯ್ತಲ್ಲೇ! ಇಷ್ಟು ಜೋರಾಗಿ ಕೇಳ್ತೀಯಾ ನೀನು?"

"ಅದು ಡಬ್ಬೀದು ಕಸುವು" ಎಂದೆ. "ನಿನ್ನ ಆ ದರಿದ್ರ ಇಯರ್‌ಫೋನಿಗೆ ತಡೆಯೋ ಶಕ್ತಿ ಇಲ್ಲ."

ಅವಳೇ ಚಕ್ರ ತಿರುಗಿಸಿ ತನಗೆ ಬೇಕಾದಷ್ಟಕ್ಕೆ ಇಳಿಸಿದಳು. ನನಗೆ ವೀಣೆ ಪಕ್ಕದ ಮನೆಯಲ್ಲಿ ನುಡಿಸುತ್ತಿರುವಂತೆ ಆಯಿತು. ಮತ್ತೆ ಮೊದಲಿಂದ ಹಾಕಿದೆವು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತು ಟೀಚರನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಅಕ್ಕ ಕಣ್ಣು ಮುಚ್ಚಿದಳು. ನಾನು ಬೈದದ್ದು ನೆನಪಿತ್ತೇನೋ, ತುಟಿ ಬಿಗಿದುಕೊಂಡೇ ಇದ್ದಳು. ಆದರೆ ಅವಳ ಬಲಗೈ ಮಂಡಿಯ ಮೇಲೆ ತಾನಾಗಿ ನುಡಿಸತೊಡಗಿತು. ತೋರುಬೆರಳು, ನಡುಬೆರಳು ಸೀರೆಯ ಮೇಲೆ ಮೀಟುತ್ತಿದ್ದವು. ಅವು ಮೀಟಿದಾಗೆಲ್ಲ ನನಗೂ ಸ್ವರ ಕೇಳುತ್ತಿತ್ತು.

ಆಮೇಲೆ ಅವಳ ಕಿರುಬೆರಳು ಎದ್ದಿತು. ಮೇಲಕ್ಕೆ ಸವರಿತು. ನನಗೆ ಏನೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ಎದ್ದಿತು. ಏನೂ ಇಲ್ಲ. ನಾನು ಅವಳ ಬೆರಳನ್ನೇ ದಿಟ್ಟಿಸುತ್ತ ಕೂತೆ. ಅದೇ ಪ್ರತಿ, ಅದೇ ಡಬ್ಬಿ, ಒಂದೇ ವೈರಿನ ಎರಡು ಕವಲು. ಅವಳ ಕಿವಿಯಲ್ಲಿದ್ದದ್ದು ಪುಕ್ಕಟೆ ಇಯರ್‌ಫೋನು. ಮೂರನೆಯ ಸಲ ಆ ಬೆರಳು ಎದ್ದಾಗ ನನಗೆ ಹೊಳೆಯಿತು. ದೋಷ ಡಬ್ಬಿಯದೂ ಅಲ್ಲ, ಪ್ರತಿಯದೂ ಅಲ್ಲ. ಕೆಟ್ಟಿದ್ದು ನನ್ನ ಕಿವಿ.

ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅಕ್ಕ ಕಣ್ಣು ಬಿಟ್ಟಳು. "ಅಕ್ಕ, ನಂಗೆ ಕೇಳಿಸ್ತಿಲ್ಲ" ಎಂದೆ.

"ಗೊತ್ತು ಕಣೇ" ಎಂದಳು. "ಹೋದ ವರ್ಷ ನಿನ್ನ ಮನೇಲಿ ಹಕ್ಕಿ ಕೂಗ್ತಿದೆಯಾ ಅಂತ ಕೇಳಿದ್ನಲ್ಲ, ನೆನಪಿದೆಯಾ? ಮೂರು ಭಾನುವಾರ ಕೇಳಿದೆ. ನಿಮಿಷಕ್ಕೊಂದ್ಸಲ ಕಿಚ್ ಕಿಚ್ ಅಂತ ಫೋನಲ್ಲಿ ಬರ್ತಿತ್ತು. ನೀನು, ನಿನ್ನ ಫೋನೇ ಸರಿ ಇಲ್ಲ ಅಂತ ನಂಗೇ ಬೈದೆ."

ನೆನಪಿತ್ತು. ಹಕ್ಕಿಯಲ್ಲ ಅದು. ಕೊನೆಗೊಂದು ದಿನ ಕಟ್ಟಡದ ರಿಪೇರಿಯವನು ವರ್ಷದ ತಪಾಸಣೆಗೆಂದು ಏಣಿ ಹೊತ್ತು ಬಂದು, ಬ್ಯಾಟರಿ ಇಳಿದಾಗ ಕಿಚ್ ಎನ್ನುವ, ಸೂರಿನಲ್ಲಿದ್ದ ಹೊಗೆ ಅಲಾರಮ್ಮಿಗೆ ಹೊಸ ಬ್ಯಾಟರಿ ಹಾಕಿದ್ದ. ವಾರಗಟ್ಟಲೆ ಚೀರಿಕೊಂಡಿರಬೇಕಲ್ಲ, ನಿಮಗೆ ಕೇಳಲಿಲ್ಲವೇ ಎಂದಿದ್ದ. ದಿನವಿಡೀ ಆಸ್ಪತ್ರೆಯಲ್ಲಿರುತ್ತೇನಪ್ಪ ಎಂದು ಹೇಳಿ ಕಳಿಸಿದ್ದೆ. ನನ್ನ ತಲೆಯ ಮೇಲೇ ಕೂಗಿದ್ದು ಟ್ರಾಯ್‌ನಲ್ಲಿದ್ದ ಅಕ್ಕನಿಗೆ ಕೇಳಿತ್ತು, ನನಗೆ ಕೇಳಿರಲಿಲ್ಲ.

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೇಳ್ತಿದ್ಯಾ? ಜಗಳಕ್ಕೆ ಬರ್ತಿದ್ದೆ. ಆಮೇಲೆ ಭಾನುವಾರ ಫೋನೂ ಮಾಡ್ತಿರ್ಲಿಲ್ಲ. ನಿನ್ನ ಹಟ ನಂಗೊತ್ತಿಲ್ವಾ?" ಇಯರ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅಂದಳು. "ಅದಕ್ಕೇ ಬಾಯಲ್ಲಿ ಹೇಳ್ತಿದ್ದೆ. ಇಲ್ಲಿ ಕಿರುಬೆರಳು, ಇಲ್ಲಿ ಕಿರುಬೆರಳು ಅಂತ. ನಾನು ಹೇಳಿದ್ರೆ ನಿಂಗೆ ನೆನಪಲ್ಲಿ ಕೇಳ್ಬಹುದು ಅಂತ."

ಕೇಳುತ್ತಿತ್ತು. ಅಷ್ಟು ದಿನ ಕೇಳುತ್ತಲೇ ಇತ್ತು. ಒಂದು ವರ್ಷ ನಾನು ತಾಳದ ತಂತಿ ಕೇಳಿದ್ದು ಹೆಡ್‌ಫೋನಿನಲ್ಲಲ್ಲ, ಅಕ್ಕನ ಬಾಯಲ್ಲಿ. ಯಾವ ಭಾನುವಾರ ಅವಳ ಬಾಯಿ ಮುಚ್ಚಿಸಿದೆನೋ ಆ ಭಾನುವಾರದಿಂದ ತಂತಿಯೂ ಹೋಯಿತು. ಮೂರು ಡಬ್ಬಿ ಕೊಂಡು ನಾನು ಹುಡುಕಿದ್ದು ಅವಳ ವಟವಟವನ್ನೇ. ನನಗೆ ಅಳು ಬಂತು. ಮುಚ್ಚಿಟ್ಟುಕೊಳ್ಳಲೂ ಇಲ್ಲ. ಅಕ್ಕ ಸೆರಗಿನ ತುದಿ ಕೊಟ್ಟು, "ಥೂ, ಮೂಗು ಒರೆಸ್ಕೋ, ಮಗು ನೋಡಿದ್ರೆ ನಗತ್ತೆ" ಎಂದಳು.

ವಾಪಸು ಬಂದ ಮೇಲೆ ಕಿವಿ ಪರೀಕ್ಷೆ ಮಾಡಿಸಿದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಬಂದಾಗಲೆಲ್ಲ ಗುಂಡಿ ಒತ್ತಿ ಎಂದರು. ತುಂಬಾ ಹೊತ್ತು ಗುಂಡಿ ಒತ್ತದೆ ಕೂತಿದ್ದೆ, ಅದೇ ಉತ್ತರ. ಸಣ್ಣ, ತೆಳು ಸದ್ದುಗಳು ಎರಡೂ ಕಿವಿಗೆ ಬರುವುದಿಲ್ಲವಂತೆ, ಹೋದದ್ದು ಮರಳುವುದಿಲ್ಲವಂತೆ. ಕಿವಿಗೆ ಯಂತ್ರ ಕೊಟ್ಟಿದ್ದಾರೆ. ಅದು ಹಾಕಿಕೊಂಡರೆ ಫ್ರಿಜ್ಜು, ನಲ್ಲಿ, ನನ್ನದೇ ಚಪ್ಪಲಿ, ಎಲ್ಲ ಮಾತಾಡುತ್ತವೆ. ತಾಳದ ತಂತಿಯೂ ಬರುತ್ತದೆ, ಆದರೆ ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಹಾಗೆ. ಟೀಚರ್ ಸವರುತ್ತಿದ್ದದ್ದು ಅದಲ್ಲ. ಹಾಗಾಗಿ ಭಾನುವಾರ ಮಾತ್ರ ಯಂತ್ರ ತೆಗೆದಿಟ್ಟು ಹೆಡ್‌ಫೋನು ಹಾಕುತ್ತೇನೆ. ಡಬ್ಬಿಗಳಲ್ಲಿ ಎರಡನ್ನು ಅಂಗಡಿಗೆ ಹಿಂದಿರುಗಿಸಿದೆ. ಹೆಬ್ಬೆರಳಿನಷ್ಟು ಉದ್ದದ ಆ ಮೊದಲನೆಯದನ್ನು ಇಟ್ಟುಕೊಂಡಿದ್ದೇನೆ. ನನ್ನ ಕಿವಿಗೆ ಅಷ್ಟು ಸಾಕು.

ಹೋದ ಭಾನುವಾರ ನನ್ನ ಏಳಕ್ಕೆ, ಅವಳ ಎಂಟಕ್ಕೆ, ತೊಡೆ ತಟ್ಟಿಕೊಂಡು ಆವರ್ತ ಹಾಕಿದೆವು. ಪ್ಲೇ ಒತ್ತುವ ಮುಂಚೆ "ಅಕ್ಕ, ಮಾತಾಡು" ಎಂದೆ. ಅವಳು ಮಾತಾಡಿದಳು. ಗಾಂಧಾರ ಎಳೆಯುವುದನ್ನು ಹೇಳಿದಳು, ಕಿರುಬೆರಳು ಏಳುವಲ್ಲೆಲ್ಲ "ಈಗ" ಎಂದಳು. ಅವಳು ಈಗ ಎಂದಾಗಲೆಲ್ಲ ನಾನು ಗಾಳಿಯಲ್ಲಿ ಕಿರುಬೆರಳು ಎತ್ತುತ್ತಿದ್ದೆ. ನೋಡುವವರು ಯಾರೂ ಇರಲಿಲ್ಲ.

ಆ ಕ್ಯಾಸೆಟ್ಟಿನ ಕೊನೆಯಲ್ಲಿ ಟೀಚರ್ ಷಡ್ಜವನ್ನು ಒಂದೇ ಸಲ ಮೀಟಿ ಬಿಟ್ಟುಬಿಡುತ್ತಾರೆ. "ಮೀಟೋದು ಯಾರಿಗೂ ಬರತ್ತೆ ಕಣ್ರೇ, ನಾದ ಆರೋ ತನಕ ಕೂತ್ಕೊಂಡು ಕೇಳಿ" ಎಂದು ಪಾಠದಲ್ಲಿ ಬೈಯುತ್ತಿದ್ದರು. ನಾದ ಮೆಲ್ಲಗೆ ಸಣ್ಣದಾಗುತ್ತ ಹೋಯಿತು. ನನ್ನ ಪಾಲಿಗೆ ಬಹಳ ಬೇಗ ಮುಗಿಯಿತು. ಹೆಡ್‌ಫೋನು ತೆಗೆಯಲು ಕೈ ಎತ್ತಿದೆ.

"ಇನ್ನೂ ಇದೆ" ಎಂದಳು ಅಕ್ಕ ಫೋನಿನಲ್ಲಿ.

ಕೈ ಇಳಿಸಿ ಸುಮ್ಮನೆ ಕೂತೆ.

"ಇನ್ನೂ ಇದೆ… ಇದೆ ಕಣೇ, ಇನ್ನೂ ಇದೆ…"

ಅವಳು ಮುಗಿಯಿತು ಎನ್ನುವ ತನಕ ಕೂತಿದ್ದೆ.